ಕೂಟದ ಪತ್ರಿಕೆಗೆ ಹವ್ಯಾಸಿ ಜಾದೂಗಾರರಿಂದ ಬರೆಸುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮ ಜಿಲ್ಲಾ ಕೇಂದ್ರದಲ್ಲಿ ಹವ್ಯಾಸಿ ಜಾದೂಗಾರರ ಒಂದು ಕೂಟವಿದೆ. ಶಿಕ್ಷಕರು, ಬ್ಯಾಂಕ್ ನೌಕರರು, ವ್ಯಾಪಾರಿಗಳು, ಕಾಲೇಜು ವಿದ್ಯಾರ್ಥಿಗಳು ಸೇರಿ ಸುಮಾರು ನಲವತ್ತು ಸದಸ್ಯರಿದ್ದೇವೆ. ಮೂರು ತಿಂಗಳಿಗೊಮ್ಮೆ ಸದಸ್ಯರಿಗಾಗಿಯೇ ಒಂದು ಪುಟ್ಟ ಪತ್ರಿಕೆ ತರುತ್ತೇವೆ. ಅದರ ಸಂಪಾದನೆಯ ಹೊಣೆ ನನ್ನದು. ‘ಸದಸ್ಯರು ಲೇಖನಗಳನ್ನು ಕಳುಹಿಸಬೇಕಾಗಿ ವಿನಂತಿ’ ಎಂದು ಪ್ರತಿ ಸಂಚಿಕೆಯಲ್ಲೂ ಅಚ್ಚು ಹಾಕಿಸಿದರೂ ಏನೂ ಬರುವುದಿಲ್ಲ. ಕೊನೆಗೆ ನಾನೇ ಪುಟ ತುಂಬಿಸುತ್ತೇನೆ. ಕೇಳಿದರೆ ಕೆಲವರು ‘ನನ್ನಲ್ಲಿ ಹೊಸದೇನಿದೆ?’ ಎನ್ನುತ್ತಾರೆ, ಇನ್ನು ಕೆಲವರು ‘ಬರೆದರೆ ಗುಟ್ಟು ಬಯಲಾಗುತ್ತದೆ’ ಎನ್ನುತ್ತಾರೆ. ಇವರನ್ನು ಬರೆಯಲು ಹೇಗೆ ಆಹ್ವಾನಿಸಬೇಕು? ಸಂಭಾವನೆ ಕೊಟ್ಟರೆ ಬರೆಯುತ್ತಾರೆಯೇ?

ಉತ್ತರ: ನಿಮ್ಮ ಸದಸ್ಯರಲ್ಲಿ ಬರೆಯಲು ವಿಷಯವಿಲ್ಲ ಎಂದು ನನಗೆ ಅನಿಸುವುದಿಲ್ಲ. ನೀವು ಅಚ್ಚು ಹಾಕಿಸುತ್ತಿರುವ ವಿನಂತಿ ಅವರನ್ನು ತಲುಪುತ್ತಿಲ್ಲ, ಅಷ್ಟೆ. ನಲವತ್ತು ಜನರಿಗೆ ಒಟ್ಟಾಗಿ ಹೇಳಿದ ಮಾತನ್ನು ಪ್ರತಿಯೊಬ್ಬರೂ ಉಳಿದ ಮೂವತ್ತೊಂಬತ್ತು ಜನರಿಗೆ ಹೇಳಿದ್ದೆಂದು ತಿಳಿಯುತ್ತಾರೆ. ಅದರಲ್ಲೂ ಲೇಖನ ಬೇಕು ಎಂದೊಡನೆ, ದಿನವಿಡೀ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಸಂಜೆ ಮನೆಯಲ್ಲಿ ಇಸ್ಪೀಟು ಕಟ್ಟು ಹಿಡಿದು ಅಭ್ಯಾಸ ಮಾಡುವವರಿಗೆ, ಪೀಠಿಕೆ ಉಪಸಂಹಾರಗಳುಳ್ಳ ಪ್ರಬಂಧವೊಂದು ಕಣ್ಮುಂದೆ ಬಂದು, ಅದು ತಮ್ಮ ಕೆಲಸವಲ್ಲವೆಂದು ಅವರು ಹಿಂದೆ ಸರಿಯುತ್ತಾರೆ. ಹವ್ಯಾಸಿಗಳಿಂದ ಬರೆಸಬೇಕಾದರೆ, ಒಬ್ಬರ ಕೈಯಲ್ಲಿ ನೀವೇ ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೆಸರಿಸಿ, ಅದನ್ನಷ್ಟೇ, ಅವರೊಬ್ಬರನ್ನೇ ಕೇಳಬೇಕು. ನಾನು ಮುಂದೆ ಹೇಳುವ ಉಳಿದೆಲ್ಲವೂ ಇದರಿಂದಲೇ ಹೊರಡುತ್ತದೆ.

ಜಾದೂ ಕೂಟಗಳ ಪತ್ರಿಕೆಗಳು ಮೊದಲಿನಿಂದಲೂ ಬಹುಪಾಲು ಹವ್ಯಾಸಿಗಳ ಬರವಣಿಗೆಯ ಮೇಲೆಯೇ ನಿಂತಿವೆ. 1902ರಲ್ಲಿ ನ್ಯೂಯಾರ್ಕಿನ ಮಾರ್ಟಿಂಕಾ ಎಂಬ ಜಾದೂ ಸಾಮಗ್ರಿಯ ಅಂಗಡಿಯ ಹಿಂಭಾಗದ ಕೋಣೆಯಲ್ಲಿ ‘ಸೊಸೈಟಿ ಆಫ್ ಅಮೆರಿಕನ್ ಮೆಜಿಷಿಯನ್ಸ್’ ಹುಟ್ಟಿತು. ಅದರ ಪತ್ರಿಕೆಯ ಹೆಸರು ‘ಎಂ-ಯು-ಎಂ’. ಲಂಡನ್ನಿನ ‘ಮ್ಯಾಜಿಕ್ ಸರ್ಕಲ್’ 1905ರಲ್ಲಿ ಹುಟ್ಟಿ, ಮರುವರ್ಷವೇ ‘ಮ್ಯಾಜಿಕ್ ಸರ್ಕ್ಯುಲರ್’ ಎಂಬ ಪತ್ರಿಕೆಯನ್ನು ಆರಂಭಿಸಿತು. 1922ರಲ್ಲಿ ಕೆನಡಾದ ವಿನ್ನಿಪೆಗ್ ನಗರದ ಲೆನ್ ವಿಂಟಸ್ ಅವರು ದೂರದೂರದ ಜಾದೂಪ್ರಿಯರೊಡನೆ ನಡೆಸಿದ ಪತ್ರವ್ಯವಹಾರದಿಂದ ‘ಇಂಟರ್‌ನ್ಯಾಷನಲ್ ಬ್ರದರ್‌ಹುಡ್ ಆಫ್ ಮೆಜಿಷಿಯನ್ಸ್’ ರೂಪುಗೊಂಡಿತು; ಒಬ್ಬರನ್ನೊಬ್ಬರು ನೋಡುವ ಅವಕಾಶವೇ ಇಲ್ಲದ ಆ ಸದಸ್ಯರನ್ನು ಒಂದುಗೂಡಿಸಿದ್ದು ‘ಲಿಂಕಿಂಗ್ ರಿಂಗ್’ ಎಂಬ ಪತ್ರಿಕೆ. ಈ ಸಂಸ್ಥೆಗಳ ಸದಸ್ಯರಲ್ಲಿ ಜಾದೂವಿನಿಂದ ಹೊಟ್ಟೆ ಹೊರೆಯುವವರಿಗಿಂತ ಬೇರೆ ಉದ್ಯೋಗದಲ್ಲಿದ್ದುಕೊಂಡು ಜಾದೂವನ್ನು ಪ್ರೀತಿಸುವವರೇ ಹೆಚ್ಚು.

ಹಾಗೆ ಬರೆದವರ ಬರವಣಿಗೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನಾರ್ಮನ್ ಗಿಲ್ಬ್ರೆತ್ ಅವರದು ನನಗೆ ಬಹಳ ಮೆಚ್ಚಿನ ಉದಾಹರಣೆ. ಗಣಿತದಲ್ಲಿ ಆಸಕ್ತಿಯಿದ್ದ ಈ ಅಮೆರಿಕದ ತರುಣ 1958ರ ಜುಲೈ ತಿಂಗಳ ‘ಲಿಂಕಿಂಗ್ ರಿಂಗ್’ ಸಂಚಿಕೆಗೆ ‘ಮ್ಯಾಗ್ನೆಟಿಕ್ ಕಲರ್ಸ್’ ಎಂಬ ಚಿಕ್ಕದೊಂದು ಇಸ್ಪೀಟಿನ ಆಟವನ್ನು ಬರೆದುಕೊಟ್ಟರು. ಅದರ ಹಿಂದಿದ್ದ ತತ್ತ್ವ, ಎಲೆಗಳನ್ನು ಕಲೆಸಿದ ಮೇಲೂ ಉಳಿದುಕೊಳ್ಳುವ ಒಂದು ಬಗೆಯ ಕ್ರಮಕ್ಕೆ ಸಂಬಂಧಿಸಿದ್ದು. ಎರಡು ವರ್ಷಗಳ ನಂತರ ಮಾರ್ಟಿನ್ ಗಾರ್ಡ್ನರ್ ಅವರು ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ತಮ್ಮ ಗಣಿತದ ಅಂಕಣದಲ್ಲಿ ಅದನ್ನು ಜಗತ್ತಿಗೆ ಪರಿಚಯಿಸಿದರು, 1966ರಲ್ಲಿ ಗಿಲ್ಬ್ರೆತ್ ಅದರ ವಿಸ್ತೃತ ರೂಪವನ್ನು ಮತ್ತೆ ತಮ್ಮ ಕೂಟದ ಪತ್ರಿಕೆಗೇ ಕೊಟ್ಟರು. ಇಂದು ಆ ತತ್ತ್ವ ಅವರ ಹೆಸರಿನಲ್ಲೇ ಇದೆ. ಗಣಿತಜ್ಞರೂ ಅದನ್ನು ಗಂಭೀರವಾಗಿ ಅಧ್ಯಯನ ಮಾಡುತ್ತಾರೆ. ಕೆನಡಾದ ಕೋರ್ಟ್‌ರೈಟ್ ಎಂಬ ಪುಟ್ಟ ಊರಿನಲ್ಲಿ ಬದುಕಿದ ಸ್ಟುವರ್ಟ್ ಜೇಮ್ಸ್ ಅವರೂ ಹೀಗೆಯೇ: ತಮ್ಮ ಪ್ರಸಿದ್ಧ ‘ಮಿರಾಸ್ಕಿಲ್’ ಆಟವನ್ನು ಅವರು 1936ರಲ್ಲಿ, ಥಿಯೊಡೋರ್ ಆನೆಮನ್ ನಡೆಸುತ್ತಿದ್ದ ‘ಜಿಂಕ್ಸ್’ ಎಂಬ ಸಣ್ಣ ಪತ್ರಿಕೆಗೆ ಕೊಟ್ಟರು. ದೊಡ್ಡ ರಂಗಮಂದಿರ, ಪರದೆ, ದೀಪಗಳಾವುವೂ ಇಲ್ಲದ ಊರಿನಿಂದ ಇಷ್ಟೆಲ್ಲ ಹೊರಡಲು ಸಾಧ್ಯವಾದದ್ದು, ಬರೆದದ್ದನ್ನು ಪ್ರೀತಿಯಿಂದ ಬರಮಾಡಿಕೊಳ್ಳುವ ಪತ್ರಿಕೆಯೊಂದು ಇದ್ದುದರಿಂದ.

ನೀವೊಬ್ಬರೇ ಪುಟ ತುಂಬಿಸುವ ಅಭ್ಯಾಸವನ್ನು ಮಾತ್ರ ಬಿಡಲೇಬೇಕು. ಹ್ಯಾರಿ ಹೌದಿನಿಯಂಥ ಪ್ರಸಿದ್ಧರೇ 1906ರಲ್ಲಿ ‘ಕಾಂಜ್ಯುರರ್ಸ್ ಮಂತ್ಲಿ ಮ್ಯಾಗಝೀನ್’ ಎಂಬ ಪತ್ರಿಕೆಯನ್ನು ಆರಂಭಿಸಿದ್ದರು. ಅದು ಹೆಚ್ಚಾಗಿ ಅವರೊಬ್ಬರ ಧ್ವನಿಯಾಗಿ, ಅವರ ಸಂಶೋಧನೆ ಮತ್ತು ವಾಗ್ವಾದಗಳ ವೇದಿಕೆಯಾಗಿ ನಡೆದು, ಎರಡು ವರ್ಷಗಳಲ್ಲಿ ನಿಂತುಹೋಯಿತು. ಸಂಪಾದಕರೇ ಎಲ್ಲವನ್ನೂ ಬರೆಯುವ ಪತ್ರಿಕೆಯಲ್ಲಿ ಸದಸ್ಯರು ತಮಗೆ ಜಾಗವಿದೆಯೆಂದು ನಂಬುವುದಿಲ್ಲ. ಪುಟ ಖಾಲಿ ಉಳಿಯುವಂತಿದ್ದರೆ ಸಂಚಿಕೆಯ ಪುಟಗಳನ್ನು ಕಡಿಮೆ ಮಾಡಿ, ಹನ್ನೆರಡೇ ಪುಟ ತನ್ನಿ, ಎಂಟೇ ತನ್ನಿ. ಆದರೆ ಅವುಗಳಲ್ಲಿ ನಿಮ್ಮ ಹೆಸರು ಒಂದೇ ಕಡೆ ಇರಲಿ.

ಇನ್ನು ‘ನನ್ನಲ್ಲಿ ಹೊಸದೇನಿದೆ?’ ಎಂಬ ಸಂಕೋಚ. ಇದು ಪ್ರಾಮಾಣಿಕವಾದ ಸಂಕೋಚ, ಇದನ್ನು ಸಮಾಧಾನದ ಮಾತಿನಿಂದ ಹೋಗಲಾಡಿಸಲು ಸಾಧ್ಯವಿಲ್ಲ. ಹೊಸ ಆಟವನ್ನು ಕಂಡುಹಿಡಿಯುವವರು ಎಲ್ಲ ಕಾಲದಲ್ಲೂ ಬೆರಳೆಣಿಕೆಯಷ್ಟೇ; ಆದರೆ ಹಳೆಯ ಆಟವನ್ನು ತಮ್ಮ ಊರಿಗೆ, ತಮ್ಮ ಕೈಗೆ, ತಮ್ಮ ಪ್ರೇಕ್ಷಕರಿಗೆ ಒಗ್ಗಿಸಿಕೊಂಡವರು ನಿಮ್ಮ ನಲವತ್ತು ಜನರೂ ಹೌದು, ಮತ್ತು ಆ ಒಗ್ಗಿಸುವಿಕೆ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ನಾಣ್ಯದ ಆಟವನ್ನೇ ತೆಗೆದುಕೊಳ್ಳಿ. ಅಮೆರಿಕದ ಪುಸ್ತಕಗಳಲ್ಲಿ ಹೆಚ್ಚಿನವು ಅರ್ಧ ಡಾಲರ್ ನಾಣ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಅದರ ವ್ಯಾಸ 30.6 ಮಿಲಿಮೀಟರ್, ಅಂಚಿನಲ್ಲಿ ಸಣ್ಣ ಗೀರುಗಳಿದ್ದು ಅದು ಅಂಗೈಯ ಸ್ನಾಯುಗಳ ನಡುವೆ ಭದ್ರವಾಗಿ ಕೂರುತ್ತದೆ. ನಮ್ಮ ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್ ಮಾತ್ರ. ಮೂರೂವರೆ ಮಿಲಿಮೀಟರಿನ ಈ ವ್ಯತ್ಯಾಸ ಕಾಗದದ ಮೇಲೆ ಏನೂ ಅಲ್ಲ, ಆದರೆ ಕೈ ದೊಡ್ಡದಿರುವವರಿಗೆ ಅಂಗೈ ಹಿಡಿತವೇ ತಪ್ಪಿಹೋಗುತ್ತದೆ. ಇದಕ್ಕೆ ಒಬ್ಬರು ಹಿಡಿತವನ್ನು ಬೆರಳ ಬುಡಕ್ಕೆ ಸರಿಸಿಕೊಂಡಿರುತ್ತಾರೆ, ಇನ್ನೊಬ್ಬರು ಅಜ್ಜನ ಕಾಲದ ಬೆಳ್ಳಿ ರೂಪಾಯಿಯನ್ನು ಹುಡುಕಿಕೊಂಡಿರುತ್ತಾರೆ. ಅದು ಗಾತ್ರದಲ್ಲಿ ಅರ್ಧ ಡಾಲರಿಗೆ ಬಹಳ ಹತ್ತಿರ. ಇಂಥ ಒಂದು ಪರಿಹಾರವನ್ನು ಅರ್ಧ ಪುಟದಲ್ಲಿ ಬರೆದರೆ, ನಾಣ್ಯ ಹಿಡಿದು ಸೋತು ಕೈಬಿಟ್ಟ ಹತ್ತು ಸದಸ್ಯರಿಗೆ ಅದು ಉಪಯೋಗಕ್ಕೆ ಬರುತ್ತದೆ.

ಇಸ್ಪೀಟಿನಲ್ಲೂ ಇದೇ ಮಾತು. ಹೆಚ್ಚಿನ ಪುಸ್ತಕಗಳು ಹೇಳುವ ಪೋಕರ್ ಗಾತ್ರದ ಎಲೆಯ ಅಗಲ ಸುಮಾರು 63 ಮಿಲಿಮೀಟರ್, ಬ್ರಿಡ್ಜ್ ಗಾತ್ರದ್ದು 57. ಮದುವೆ ಮನೆಯಲ್ಲಿ ಯಾರೋ ಕೈಗಿಟ್ಟ, ಬೆವರು ಕುಡಿದು ಅಂಟಿಕೊಳ್ಳುವ ಕಟ್ಟಿನಿಂದ ಆಟ ತೋರಿಸುವವರ ಅನುಭವ ಇವೆರಡರಿಂದಲೂ ಬೇರೆ. ಶಾಲಾ ವಾರ್ಷಿಕೋತ್ಸವದಲ್ಲಿ ಮಕ್ಕಳು ವೇದಿಕೆಯ ಹಿಂದೆಯೂ ಕುಳಿತಿದ್ದರೆ ಯಾವ ಆಟವನ್ನು ಬಿಡಬೇಕು, ಗಾಳಿ ಬೀಸುವ ಬಯಲಿನಲ್ಲಿ ರೇಷ್ಮೆ ವಸ್ತ್ರವನ್ನು ಹೇಗೆ ನಿಭಾಯಿಸಬೇಕು, ಆಟದ ನಡುವೆ ಕರೆಂಟು ಹೋದಾಗ ಏನು ಮಾತಾಡಬೇಕು, ಹಳೆಯ ಆಟವೊಂದಕ್ಕೆ ಕನ್ನಡದ ಒಗಟನ್ನೋ ಗಾದೆಯನ್ನೋ ಹೊಂದಿಸಿ ಮಾತುಗಾರಿಕೆ ಕಟ್ಟುವುದು ಹೇಗೆ, ಮುಂದಿನ ಸಾಲಿನಲ್ಲಿ ಕುಳಿತು ‘ನನಗೆ ಗೊತ್ತು’ ಎಂದು ಕೂಗುವ ಹುಡುಗನನ್ನು ನೋಯಿಸದೆ ಸುಮ್ಮನಿರಿಸುವುದು ಹೇಗೆ ಎಂಬುವೆಲ್ಲ ಬರವಣಿಗೆಗೆ ಯೋಗ್ಯವಾದ ವಿಷಯಗಳು. ಇವುಗಳಲ್ಲಿ ಹೆಚ್ಚಿನವಕ್ಕೆ ಗುಟ್ಟು ಬಿಡಿಸುವ ಅಗತ್ಯವೂ ಇಲ್ಲ ಎಂಬುದನ್ನು ಗಮನಿಸಿ.

ಆದ್ದರಿಂದ ಆಹ್ವಾನಕ್ಕೆ ಮೊದಲು ಮಾಡಬೇಕಾದ ಕೆಲಸ ನೋಡುವುದು. ಕೂಟದ ಮಾಸಿಕ ಸಭೆಯಲ್ಲಿ ಸದಸ್ಯರು ಆಟ ತೋರಿಸುವಾಗ ಒಂದು ಪುಸ್ತಕ ಹಿಡಿದು ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಯಾರ ಕೈಯಲ್ಲಿ ಏನು ಬೇರೆಯಾಗಿ ಕಂಡಿತು, ಯಾರ ಯಾವ ಮಾತಿಗೆ ಜನ ನಕ್ಕರು, ಯಾರು ಎಡವಿ ಚೇತರಿಸಿಕೊಂಡರು ಎಂದು ಬರೆದಿಟ್ಟುಕೊಳ್ಳಿ. ಸಭೆ ಮುಗಿದ ಎರಡು ಮೂರು ದಿನಗಳೊಳಗೆ, ಆಟ ತೋರಿಸಿದ ಸಂತೋಷ ಇನ್ನೂ ಆರದಿರುವಾಗ, ಅವರಿಗೆ ಫೋನ್ ಮಾಡಿ ಅಥವಾ ಕಾಗದ ಬರೆಯಿರಿ. ಆ ಕಾಗದ ಹೀಗಿರಬಹುದು:

‘ಮೇಷ್ಟ್ರೇ, ನಮಸ್ಕಾರ. ಭಾನುವಾರದ ಸಭೆಯಲ್ಲಿ ತಾವು ಹಗ್ಗದ ಆಟ ತೋರಿಸುವಾಗ ವೇದಿಕೆಗೆ ಬಂದ ಹುಡುಗ ಗಂಟನ್ನು ಬೇಕೆಂದೇ ಬಿಗಿಯಾಗಿ ಎಳೆದ. ತಾವು ಗಲಿಬಿಲಿಗೊಳ್ಳದೆ ಹಗ್ಗದ ತುದಿಯನ್ನು ಅವನ ಕೈಗೇ ಕೊಟ್ಟು ಆಟ ಮುಂದುವರಿಸಿದಿರಿ; ಅವನೇ ಆಮೇಲೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಮಕ್ಕಳನ್ನು ವೇದಿಕೆಗೆ ಕರೆಯುವಾಗ ತಾವು ಯಾರನ್ನು ಆರಿಸುತ್ತೀರಿ, ಇಂಥ ಹುಡುಗ ಬಂದಾಗ ಏನು ಮಾಡುತ್ತೀರಿ ಎಂಬ ಎರಡೇ ವಿಷಯಗಳನ್ನು ಒಂದು ಪುಟದಲ್ಲಿ ನಮ್ಮ ಪತ್ರಿಕೆಗೆ ಬರೆದುಕೊಡಬೇಕು. ಹಗ್ಗದ ಆಟದ ಗುಟ್ಟನ್ನು ಬರೆಯಬೇಕಿಲ್ಲ. ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಬಂದರೆ ಈ ಸಂಚಿಕೆಗೇ ಸೇರುತ್ತದೆ. ಬರೆಯಲು ಬಿಡುವಿಲ್ಲದಿದ್ದರೆ ನಾನೇ ಒಂದು ಸಂಜೆ ಮನೆಗೆ ಬರುತ್ತೇನೆ. ತಾವು ಹೇಳಿ, ನಾನು ಬರೆದುಕೊಳ್ಳುತ್ತೇನೆ. ಅಚ್ಚಿಗೆ ಹೋಗುವ ಮುನ್ನ ಕರಡನ್ನು ತಮಗೆ ತೋರಿಸುತ್ತೇನೆ.’

ಈ ಕಾಗದದಲ್ಲಿ ಏನು ಬೇಕು, ಎಷ್ಟು ಬೇಕು, ಯಾವಾಗ ಬೇಕು, ಏನು ಬೇಡ ಎಂಬುದೆಲ್ಲ ಇದೆ; ಎಲ್ಲಕ್ಕಿಂತ ಮುಖ್ಯವಾಗಿ ಅವರ ಆಟವನ್ನು ಯಾರೋ ಕಣ್ಣಿಟ್ಟು ನೋಡಿದ್ದಾರೆ ಎಂಬ ಸುದ್ದಿ ಇದೆ. ಹವ್ಯಾಸಿಗಳಿಗೆ ಅಂಥ ಸುದ್ದಿ ಸಿಗುವುದು ಅಪರೂಪ. ‘ನಾನೇ ಬರೆದುಕೊಳ್ಳುತ್ತೇನೆ’ ಎಂಬ ಮಾತನ್ನು ಸುಮ್ಮನೆ ಸೌಜನ್ಯಕ್ಕಾಗಿ ಹಾಕಬೇಡಿ, ಹಾಗೆಯೇ ನಡೆದುಕೊಳ್ಳಿ. ಚೆನ್ನಾಗಿ ಆಟ ತೋರಿಸುವವರಲ್ಲಿ ಎಷ್ಟೋ ಜನ ಬರೆಯಲಾರರು. ಆದರೆ ಎದುರಿಗೆ ಕುಳಿತವರು ಸರಿಯಾದ ಪ್ರಶ್ನೆ ಕೇಳಿದರೆ ಗಂಟೆಗಟ್ಟಲೆ ಹೇಳಬಲ್ಲರು. ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಅವರ ಮಾತಿನ ಧಾಟಿಯನ್ನು ಕೆಡಿಸದೆ ಬರಹಕ್ಕಿಳಿಸಿ, ಲೇಖಕರೆಂದು ಅವರ ಹೆಸರನ್ನೇ ಹಾಕಿ. ‘ನಿರೂಪಣೆ’ ಎಂದು ನಿಮ್ಮ ಹೆಸರನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿದರೆ ಸಾಕು.

‘ಲಿಂಕಿಂಗ್ ರಿಂಗ್’ ಪತ್ರಿಕೆಯ ಒಂದು ಪದ್ಧತಿ ನಿಮಗೂ ಒಗ್ಗುತ್ತದೆ. ಅದರಲ್ಲಿ ‘ಪರೇಡ್’ ಎಂಬ ವಿಭಾಗವಿದ್ದು, ಒಂದು ಸ್ಥಳೀಯ ಶಾಖೆಯ ಸದಸ್ಯರು ಸೇರಿ, ಅಥವಾ ಒಬ್ಬರೇ ಲೇಖಕರು, ಹಲವು ಆಟಗಳನ್ನು ಒಟ್ಟಿಗೆ ಕೊಡುತ್ತಾರೆ. ನಿಮ್ಮ ಕೂಟದಲ್ಲಿ ಇದನ್ನು ತಾಲೂಕುವಾರು ಮಾಡಬಹುದು: ಈ ಸಂಚಿಕೆಯ ನಾಲ್ಕು ಪುಟ ಒಂದು ತಾಲೂಕಿನ ಸದಸ್ಯರಿಗೆ, ಮುಂದಿನದು ಇನ್ನೊಂದಕ್ಕೆ. ಒಂದು ಊರಿನ ಐವರಿಗೆ ನಾಲ್ಕು ಪುಟಗಳ ಹೊಣೆ ಬಿದ್ದಾಗ ಅವರೇ ಒಬ್ಬರನ್ನೊಬ್ಬರು ಕೇಳಿ, ಕಾಡಿ, ಬರೆಸುತ್ತಾರೆ. ಆದರೆ ಅವರಲ್ಲಿ ಒಬ್ಬರನ್ನು ಹೆಸರು ಹಿಡಿದು ಹೊಣೆಗಾರರನ್ನಾಗಿ ಮಾಡದಿದ್ದರೆ, ನಿಮ್ಮ ಸಾಮಾನ್ಯ ವಿನಂತಿಗೆ ಆದ ಗತಿಯೇ ಇದಕ್ಕೂ ಆಗುತ್ತದೆ.

ಆಟವನ್ನೇ ವಿವರಿಸುವ ಬರಹ ಬಂದಾಗ ಸಂಪಾದಕರ ನಿಜವಾದ ಶ್ರಮ ಆರಂಭವಾಗುತ್ತದೆ. ಕೈಯ ಕೆಲಸವನ್ನು ಅಕ್ಷರದಲ್ಲಿ ಹೇಳುವುದು ಬಹಳ ಕಷ್ಟ. ಜಾದೂ ಸಾಹಿತ್ಯದಲ್ಲಿ ಬೆಳೆದುಬಂದ ಒಂದು ಕ್ರಮವಿದೆ: ಮೊದಲು ಪ್ರೇಕ್ಷಕರಿಗೆ ಏನು ಕಾಣುತ್ತದೆ ಎಂಬುದನ್ನು ಗುಟ್ಟಿನ ಸುಳಿವಿಲ್ಲದೆ ಹೇಳುವುದು, ಅನಂತರ ಬೇಕಾದ ಸಾಮಗ್ರಿ, ಪೂರ್ವಸಿದ್ಧತೆ, ಕೈಯ ಕೆಲಸ, ಅದರ ಜೊತೆಗಿನ ಮಾತು, ಯಾವ ಕೋನದಿಂದ ನೋಡಿದರೆ ಆಟ ಕೆಡುತ್ತದೆ ಎಂಬ ಎಚ್ಚರಿಕೆ, ಕೊನೆಗೆ ಆಟದ ಮೂಲ. ಈ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದು, ಹಿಂದಿನ ಸಂಚಿಕೆಯ ಒಂದು ಒಳ್ಳೆಯ ಮಾದರಿಯೊಂದಿಗೆ, ಬರೆಯಲು ಒಪ್ಪಿದವರಿಗೆ ಕೊಡಿ. ಒಪ್ಪುವ ಮುನ್ನವೇ ಕೊಟ್ಟರೆ ಅದು ಅರ್ಜಿ ನಮೂನೆಯಂತೆ ಕಂಡು ಹೆದರಿಸುತ್ತದೆ. ಎಡಗೈ, ಬಲಗೈ ಯಾವುದೆಂದು ಪ್ರತಿ ವಾಕ್ಯದಲ್ಲೂ ಹೇಳಿಸಿ; ತೋರುಬೆರಳು, ನಡುಬೆರಳು, ಉಂಗುರಬೆರಳು, ಕಿರುಬೆರಳು ಎಂದು ಬೆರಳುಗಳನ್ನು ಹೆಸರಿಸಿಯೇ ಬರೆಸಿ. ಪಾಮ್ (ಅಂಗೈಯಲ್ಲಿ ಅಡಗಿಸುವುದು), ಫೋರ್ಸ್ (ನಾವು ಬಯಸಿದ ಎಲೆಯನ್ನೇ ಪ್ರೇಕ್ಷಕರು ಆರಿಸುವಂತೆ ಮಾಡುವುದು), ಡಬಲ್ ಲಿಫ್ಟ್ (ಎರಡು ಎಲೆಗಳನ್ನು ಒಂದೇ ಎಂಬಂತೆ ಎತ್ತುವುದು) ಮುಂತಾದ ಮಾತುಗಳು ಜಾದೂಗಾರರ ಬಾಯಲ್ಲಿ ಆಗಲೇ ನೆಲೆಸಿರುವುದರಿಂದ ಅವುಗಳಿಗೆ ಬದಲಿ ಹುಡುಕುವ ಗೋಜಿಗೆ ಹೋಗಬೇಡಿ. ಚಿತ್ರಗಳನ್ನು ಆಟ ತೋರಿಸುವವರ ಭುಜದ ಹಿಂದಿನಿಂದ, ಅವರ ಕಣ್ಣಿಗೆ ಕಾಣುವಂತೆಯೇ, ಬಣ್ಣವಿಲ್ಲದ ಬಟ್ಟೆಯ ಮೇಲೆ ತೆಗೆಯಿರಿ. ಎದುರಿನಿಂದ ತೆಗೆದ ಚಿತ್ರ ನೋಡಿ ಕಲಿಯುವವರಿಗೆ ಎಡಬಲ ತಿರುಗುಮುರುಗಾಗುತ್ತದೆ. ಹಾರ್ಲನ್ ಟಾರ್ಬೆಲ್ ಅವರು 1926ರಲ್ಲಿ ಅಂಚೆಯ ಮೂಲಕ ಆರಂಭಿಸಿದ ಜಾದೂ ಪಾಠಗಳು ಇಂದಿಗೂ ಬಳಕೆಯಲ್ಲಿರಲು, ಅವರು ಸ್ವತಃ ಚಿತ್ರಕಾರರೂ ಆಗಿದ್ದುದು ದೊಡ್ಡ ಕಾರಣವೆಂದು ನಾನು ತಿಳಿದಿದ್ದೇನೆ. ನಿಮ್ಮ ವಿದ್ಯಾರ್ಥಿ ಸದಸ್ಯರಲ್ಲಿ ಚಿತ್ರ ಬರೆಯುವವರಿದ್ದರೆ ಅವರನ್ನೂ ಹುಡುಕಿ. ಅದೂ ಪತ್ರಿಕೆಗೆ ಕೊಡುವ ಕೊಡುಗೆಯೇ.

ಬರಹ ಸರಿಯಾಗಿದೆಯೇ ಎಂದು ತಿಳಿಯಲು ಒಂದೇ ಪರೀಕ್ಷೆ ಸಾಕು. ಆ ಆಟವನ್ನು ನೋಡದ ಸದಸ್ಯರೊಬ್ಬರ ಕೈಗೆ ಕರಡನ್ನೂ ಸಾಮಗ್ರಿಯನ್ನೂ ಕೊಟ್ಟು, ಏನೂ ಹೇಳದೆ ಎದುರಿಗೆ ಕುಳಿತುಕೊಳ್ಳಿ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ವಾಕ್ಯ ಕೈಕೊಟ್ಟಿದೆ ಎಂದರ್ಥ. ಬೆಂಕಿ, ಚೂಪಾದ ಉಪಕರಣ ಅಥವಾ ಪ್ರಾಣಿಗಳಿರುವ ಆಟವಾದರೆ ಇನ್ನೂ ಒಂದು ಮಾತು: ಸುರಕ್ಷತೆಯ ಸೂಚನೆಯಿಲ್ಲದ ಬರಹವನ್ನು ಎಷ್ಟೇ ಚೆನ್ನಾಗಿದ್ದರೂ ಹಾಕಬೇಡಿ. ಕ್ಷಣದಲ್ಲಿ ಉರಿದುಹೋಗುವ ‘ಫ್ಲ್ಯಾಶ್ ಪೇಪರ್’ ಎಂಬುದು ನೈಟ್ರೋಸೆಲ್ಯುಲೋಸ್, ಅಂದರೆ ಕಿಡಿ ತಾಕಿದೊಡನೆ ಹೊತ್ತಿಕೊಳ್ಳುವ ರಾಸಾಯನಿಕ. ನಿಮ್ಮ ಪತ್ರಿಕೆಯನ್ನು ಹದಿನೇಳು ವರ್ಷದ ಹುಡುಗನೂ ಓದುತ್ತಾನೆ ಎಂಬುದು ನೆನಪಿರಲಿ.

ಗುಟ್ಟಿನ ಭಯಕ್ಕೆ ಬರೋಣ. ‘ಗುಟ್ಟನ್ನು ಹೊರಗೆಡಹಲಾರದವನು’ ಎಂಬರ್ಥದ ಲ್ಯಾಟಿನ್ ಮಾತನ್ನೇ ಧ್ಯೇಯವಾಕ್ಯವಾಗಿ ಇಟ್ಟುಕೊಂಡ ಲಂಡನ್ನಿನ ಮ್ಯಾಜಿಕ್ ಸರ್ಕಲ್ ನೂರಕ್ಕೂ ಹೆಚ್ಚು ವರ್ಷಗಳಿಂದ ತನ್ನ ಸದಸ್ಯರಿಗಾಗಿ ಪತ್ರಿಕೆ ತರುತ್ತಿದೆ; ಅಷ್ಟೇ ಅಲ್ಲ, ಅಲ್ಲಿ ಸದಸ್ಯರಾಗಲು ಬಯಸುವವರು ಪರೀಕ್ಷಕರ ಮುಂದೆ ಆಟ ತೋರಿಸುವ ಬದಲು ಜಾದೂ ಕುರಿತು ಪ್ರಬಂಧ ಬರೆದೂ ಅರ್ಹತೆ ಪಡೆಯಬಹುದು. ಗುಟ್ಟನ್ನು ಕಾಯುವುದಕ್ಕೂ ಬರೆಯುವುದಕ್ಕೂ ವಿರೋಧವಿಲ್ಲವೆಂದು ಇದರಿಂದ ಸ್ಪಷ್ಟವಾಗುತ್ತದೆ. ಬರೆದದ್ದು ಯಾರ ಕೈ ಸೇರುತ್ತದೆ ಎಂಬುದೇ ಪ್ರಶ್ನೆ, ಮತ್ತು ಆ ಪ್ರಶ್ನೆಗೆ ನಿಮ್ಮ ಬಳಿ ಗಟ್ಟಿಯಾದ ಉತ್ತರವಿರದಿದ್ದರೆ ನಿಮ್ಮ ಸದಸ್ಯರು ಹಿಂಜರಿಯುವುದು ನ್ಯಾಯವೇ ಸರಿ. ಪಿಡಿಎಫ್ ರೂಪದಲ್ಲಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಪತ್ರಿಕೆಯಲ್ಲಿ ಗುಟ್ಟು ಉಳಿಯುತ್ತದೆಂದು ಯಾರಿಗೂ ಮಾತು ಕೊಡಲಾಗದು. ನನ್ನ ಸಲಹೆ ಇದು: ಅನುಭವ ಕಥನ, ಮಾತುಗಾರಿಕೆ, ಪುಸ್ತಕ ಪರಿಚಯ, ಹಿರಿಯರ ಸಂದರ್ಶನ, ಸಭೆಯ ವರದಿ ಇವು ಪತ್ರಿಕೆಯ ಮುಖ್ಯ ಪುಟಗಳಲ್ಲಿರಲಿ, ಆಟದ ಕೆಲಸವನ್ನು ಬಿಡಿಸಿ ಹೇಳುವ ಬರಹಗಳು ಬೇರೆಯೇ ಒಂದು ಒಳಹಾಳೆಯಲ್ಲಿ, ಕಾಗದದ ಮೇಲೆ ಮಾತ್ರ, ಪ್ರತಿಯೊಂದಕ್ಕೂ ಸದಸ್ಯತ್ವ ಸಂಖ್ಯೆ ಹಾಕಿ, ಸದಸ್ಯರ ಕೈಗೇ ತಲುಪಲಿ. ತಮ್ಮ ಬರಹ ಯಾವುದರಲ್ಲಿ ಬರಬೇಕೆಂದು ಆರಿಸುವ ಹಕ್ಕು ಬರೆದವರದು. ವಿಧಾನವನ್ನು ಹೇಳದೆ ಪ್ರದರ್ಶನದ ಬಗ್ಗೆಯಷ್ಟೇ ಬರೆಯುತ್ತೇನೆ ಎನ್ನುವವರನ್ನು ಒತ್ತಾಯಿಸಬೇಡಿ. ಒಬ್ಬರ ಜೀವನೋಪಾಯವೇ ಆಗಿರುವ ಆಟವನ್ನು ಇನ್ನೊಬ್ಬರು ಬಿಡಿಸಿ ಬರೆದರೆ, ಅದು ಸದಸ್ಯರಿಗಷ್ಟೇ ಆದರೂ, ಹಿಂದಿರುಗಿಸಿ.

ಭಯಕ್ಕಿಂತಲೂ ಆಳವಾದದ್ದು ಹೆಸರಿನ ಪ್ರಶ್ನೆ. ತಾವು ಬರೆದುಕೊಟ್ಟದ್ದನ್ನು ಇನ್ನೊಬ್ಬರು ತಮ್ಮದೆಂದು ತೋರಿಸುತ್ತಾರೆ ಎಂಬ ಆತಂಕ ಸದಸ್ಯರ ಮನಸ್ಸಿನಲ್ಲಿರುತ್ತದೆ, ಬಾಯಿಬಿಟ್ಟು ಹೇಳುವುದಿಲ್ಲ. ಆಟ ಕಂಡುಹಿಡಿದವರ ಹಕ್ಕನ್ನು ಗೌರವಿಸಬೇಕು, ಸಾರ್ವಜನಿಕರಿಗೆ ಗುಟ್ಟನ್ನು ಬೇಕೆಂದೇ ಬಯಲು ಮಾಡಬಾರದು ಎಂಬುವು ಮೇಲೆ ಹೇಳಿದ ‘ಸೊಸೈಟಿ’ ಮತ್ತು ‘ಬ್ರದರ್‌ಹುಡ್’ ಎಂಬ ಎರಡು ದೊಡ್ಡ ಸಂಘಟನೆಗಳ ನೀತಿ ಸಂಹಿತೆಯಲ್ಲೂ ಇವೆ. ನಿಮ್ಮ ಪತ್ರಿಕೆಯಲ್ಲಿ ಪ್ರತಿಯೊಂದು ಆಟದ ಕೆಳಗೂ ಮೂಲವನ್ನು ಬರೆಯುವ ಪದ್ಧತಿ ಇರಲಿ: ಯಾರಿಂದ ಕಲಿತದ್ದು, ಯಾವ ಪುಸ್ತಕದಲ್ಲಿ ನೋಡಿದ್ದು, ತಾವು ಬದಲಿಸಿದ್ದು ಏನು. ಮಾರಾಟದಲ್ಲಿರುವ ಆಟದ ಕೆಲಸವನ್ನು ಅದರ ಒಡೆಯರ ಒಪ್ಪಿಗೆಯಿಲ್ಲದೆ ಹಾಕಕೂಡದು. ಬೇಕಿದ್ದರೆ ಕೊಂಡವರು ಅದರ ವಿಮರ್ಶೆ ಬರೆಯಲಿ. ಹೀಗೆ ಬೇರೆಯವರ ಹೆಸರನ್ನು ಕಾಪಾಡುವ ಪತ್ರಿಕೆ ತಮ್ಮ ಹೆಸರನ್ನೂ ಕಾಪಾಡುತ್ತದೆಂದು ಸದಸ್ಯರಿಗೆ ಎರಡು ಸಂಚಿಕೆಗಳಲ್ಲೇ ಮನವರಿಕೆಯಾಗುತ್ತದೆ.

ಕಾನೂನಿನ ಬಗ್ಗೆಯೂ ಎರಡು ಮಾತು ಹೇಳಬೇಕು, ಏಕೆಂದರೆ ಇಲ್ಲಿ ತಪ್ಪು ತಿಳಿವಳಿಕೆ ಬಹಳ. ಕೃತಿಸ್ವಾಮ್ಯವು ಬರೆದ ಮಾತಿಗೆ ರಕ್ಷಣೆ ಕೊಡುತ್ತದೆಯೇ ಹೊರತು ಆಟದ ಹಿಂದಿನ ಉಪಾಯಕ್ಕಲ್ಲ. ಪ್ರದರ್ಶನದ ವಿಷಯ ತುಸು ಬೇರೆ: ಅಮೆರಿಕದ ಜಾದೂಗಾರ ಟೆಲ್ಲರ್ ಅವರು ‘ಶಾಡೋಸ್’ ಎಂಬ ತಮ್ಮ ಆಟವನ್ನು 1983ರಲ್ಲೇ ಮೂಕಾಭಿನಯದ ಕೃತಿಯೆಂದು ನೋಂದಾಯಿಸಿದ್ದರಿಂದ, ಅದನ್ನು ನಕಲು ಮಾಡಿದ ಯುರೋಪಿನ ಪ್ರದರ್ಶಕರೊಬ್ಬರ ವಿರುದ್ಧ 2014ರಲ್ಲಿ ನೆವಾಡದ ನ್ಯಾಯಾಲಯದಲ್ಲಿ ಗೆದ್ದರು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯು ಪ್ರದರ್ಶಕರು ಯಾರೆಂದು ವಿವರಿಸುವಾಗ ನಟರು, ಗಾಯಕರು, ನರ್ತಕರ ಜೊತೆಗೆ ಜಾದೂಗಾರರನ್ನೂ ಹಾವಾಡಿಗರನ್ನೂ ಹೆಸರಿಸಿಯೇ ಹೇಳುತ್ತದೆ. ಇದನ್ನು ನಿಮ್ಮ ಸದಸ್ಯರಿಗೆ ತಿಳಿಸಿ, ಅವರಿಗೆ ಸಂತೋಷವಾಗುತ್ತದೆ. ನಿಮ್ಮ ಪತ್ರಿಕೆಗೆ ಬರೆದುಕೊಟ್ಟ ಬರಹದ ಹಕ್ಕು ಬೇರೆ ಕರಾರಿಲ್ಲದಿದ್ದರೆ ಬರೆದವರಲ್ಲೇ ಉಳಿಯುತ್ತದೆ. ಹಕ್ಕನ್ನು ವರ್ಗಾಯಿಸುವುದಾದರೆ ಅದು ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಅವಧಿಯನ್ನು ಹೇಳದಿದ್ದರೆ ಐದು ವರ್ಷವೆಂದು ಕಾ‍ಯ್ದೆ ಭಾವಿಸುತ್ತದೆ. ನೀವು ಹಕ್ಕನ್ನು ಕೇಳಲೇಬೇಡಿ. ‘ಒಂದು ಬಾರಿ ಪ್ರಕಟಿಸಲು ಒಪ್ಪಿಗೆಯಿದೆ, ಉಳಿದ ಹಕ್ಕು ಲೇಖಕರದು’ ಎಂಬ ಒಂದು ಸಾಲಿಗೆ ಸಹಿ ಪಡೆದರೆ ಕೂಟಕ್ಕೆ ಬೇಕಾದಷ್ಟು ಸಿಕ್ಕಿತು.

ನಿಮ್ಮ ಪಟ್ಟಿಯಲ್ಲಿ ಇರದ, ಆದರೆ ನಾನು ಮನಸಾರೆ ಸೇರಿಸಬಯಸುವ ಕೆಲವರಿದ್ದಾರೆ. ನಮ್ಮ ಸಂತೆ ಜಾತ್ರೆಗಳಲ್ಲಿ ನೆಲದ ಮೇಲೆ ಕುಳಿತು, ಸುತ್ತ ನೂರು ಕಣ್ಣುಗಳಿರುವಾಗಲೇ, ಹಿಡಿಯುಳ್ಳ ಮರದ ಬಟ್ಟಲುಗಳೊಳಗೆ ಚೆಂಡುಗಳನ್ನು ಮಾಯ ಮಾಡುತ್ತಿದ್ದ ಗಾರುಡಿಗರ ಮನೆತನಗಳು ಕರ್ನಾಟಕದಲ್ಲಿವೆ. ಮೇಜಿಲ್ಲದೆ, ಹಿಂಬದಿಯ ಪರದೆಯಿಲ್ಲದೆ, ನಾಲ್ಕೂ ಕಡೆಯಿಂದ ಕಾಣುವಂತೆ ಆಟ ತೋರಿಸುವುದು ಹೇಗೆಂದು ಅವರಷ್ಟು ಬಲ್ಲವರು ನಮ್ಮ ಕೂಟಗಳಲ್ಲಿಲ್ಲ. ನಿಮ್ಮ ಜಿಲ್ಲೆಯಲ್ಲಿ ಅಂಥ ಹಿರಿಯರಿದ್ದರೆ ಅವರನ್ನು ಕೂಟದ ಸಭೆಗೆ ಗೌರವದಿಂದ ಬರಮಾಡಿಕೊಂಡು, ಅವರ ಸಮಯಕ್ಕೆ ತಕ್ಕ ಹಣ ಕೊಟ್ಟು, ಏನನ್ನು ಅಚ್ಚು ಹಾಕಬಹುದು ಎಂದು ಅವರನ್ನೇ ಕೇಳಿ, ಅವರು ಒಪ್ಪಿದಷ್ಟನ್ನೇ ಬರೆದುಕೊಳ್ಳಿ. ಅವರಿಗೆ ಅದು ಹವ್ಯಾಸವಲ್ಲ, ಬದುಕು. ಆದ್ದರಿಂದ ಸದಸ್ಯರಿಂದ ಪುಕ್ಕಟೆಯಾಗಿ ಕೇಳುವುದನ್ನು ಅವರಿಂದ ಪುಕ್ಕಟೆಯಾಗಿ ಕೇಳುವಂತಿಲ್ಲ.

ಸದಸ್ಯರಿಗೆ ಸಂಭಾವನೆ ಬೇಡವೆಂದೇ ನನ್ನ ಅಭಿಪ್ರಾಯ. ಕೂಟದ ನಿಧಿಯಿಂದ ಕೊಡಬಹುದಾದ ನೂರಿನ್ನೂರು ರೂಪಾಯಿ ಯಾರನ್ನೂ ಬರೆಯುವಂತೆ ಮಾಡುವುದಿಲ್ಲ, ಬದಲಿಗೆ ಯಾರಿಗೆ ಎಷ್ಟು ಎಂಬ ಲೆಕ್ಕಾಚಾರವನ್ನು ತಂದಿಡುತ್ತದೆ. ಆ ಹಣದಲ್ಲಿ ಲೇಖಕರಿಗೆ ಹೆಚ್ಚುವರಿ ಪ್ರತಿಗಳನ್ನು ಕೊಡಿ, ಚಿತ್ರಗಳನ್ನು ಸ್ಪಷ್ಟವಾಗಿ ಅಚ್ಚು ಹಾಕಿಸಿ. ಹವ್ಯಾಸಿಗಳು ಹಂಬಲಿಸುವುದು ತಮ್ಮ ಆಟಕ್ಕೆ ಬಲ್ಲವರಿಂದ ಬರುವ ಪ್ರತಿಕ್ರಿಯೆಗಾಗಿ. ಅದಕ್ಕೆ ಪತ್ರಿಕೆಯಲ್ಲೇ ಜಾಗ ಮಾಡಿಕೊಡಿ: ಹಿಂದಿನ ಸಂಚಿಕೆಯ ಆಟವನ್ನು ಪ್ರಯತ್ನಿಸಿದವರು ಏನು ಕಂಡರು, ಎಲ್ಲಿ ಕಷ್ಟವಾಯಿತು, ಏನು ಬದಲಿಸಿದರು ಎಂದು ನಾಲ್ಕು ಸಾಲು ಬರೆಯುವ ಒಂದು ಪುಟವನ್ನು ಖಾಯಂ ಇಡಿ. ಲೇಖನ ಬರೆಯಲು ಹಿಂಜರಿಯುವವರು ಈ ನಾಲ್ಕು ಸಾಲಿನಿಂದ ಆರಂಭಿಸುತ್ತಾರೆ, ಮತ್ತು ಮೂರನೆಯ ಬಾರಿ ನಾಲ್ಕು ಸಾಲು ಬರೆದವರನ್ನು ಒಂದು ಪುಟ ಕೇಳುವುದು ಸುಲಭ. ಬಂದ ಬರಹವನ್ನು ಹಾಕಲಾಗದಿದ್ದರೆ ವಾರದೊಳಗೆ ಕಾರಣ ಸಹಿತ ತಿಳಿಸಿ. ಬರೆದುಕೊಟ್ಟು ತಿಂಗಳುಗಟ್ಟಲೆ ಸುದ್ದಿಯಿಲ್ಲದೆ ಕಾದವರು ಮತ್ತೆ ಬರೆಯುವುದಿಲ್ಲ, ತಮ್ಮ ಗೆಳೆಯರನ್ನೂ ಬರೆಯಲು ಬಿಡುವುದಿಲ್ಲ.

ಮುಂದಿನ ಸಂಚಿಕೆಗೆ ಮೂವರನ್ನಷ್ಟೇ ಆರಿಸಿಕೊಳ್ಳಿ: ಎಲ್ಲರೂ ಗೌರವಿಸುವ ಹಿರಿಯರೊಬ್ಬರು, ಸಭೆಯಲ್ಲಿ ಮಾತು ಕಡಿಮೆಯಾದರೂ ಕೈ ಚುರುಕಾಗಿರುವ ಒಬ್ಬರು, ಮತ್ತು ಒಬ್ಬ ಕಾಲೇಜು ವಿದ್ಯಾರ್ಥಿ ಅಥವಾ ವಿದ್ಯಾರ್ಥಿನಿ. ಹಿರಿಯರ ಮನೆಗೆ ಮೊದಲು ಹೋಗಿ. ಅವರು ಬರೆದಿದ್ದಾರೆಂದು ತಿಳಿದರೆ ಉಳಿದಿಬ್ಬರನ್ನು ಒಪ್ಪಿಸುವುದು ಕಷ್ಟವಾಗದು. ಅಚ್ಚಿಗೆ ಕೊಡುವ ದಿನಕ್ಕಿಂತ ಮೂರು ವಾರ ಮೊದಲಿನ ತಾರೀಖನ್ನೇ ಅವರಿಗೆ ಗಡುವಾಗಿ ಕೊಡಿ, ಮತ್ತು ‘ಲೇಖನ ಕಳುಹಿಸಿ’ ಎಂಬ ಆ ಹಳೆಯ ಪ್ರಕಟಣೆಯನ್ನು ಈ ಸಂಚಿಕೆಯಿಂದಲೇ ತೆಗೆದುಹಾಕಿ.